ಅಪ್‌ಡೇಟ್: ಎಐ ಹ್ಯಾಕಥಾನ್‌ಗೆ ಕಾಫಿ ಎಲೆಯೇ ವಿಷಯ

ವಿದ್ಯಾರ್ಥಿಗಳ ಎಐ ಹ್ಯಾಕಥಾನ್‌ಗೆ (ಕಡಿಮೆ ಸಮಯದಲ್ಲಿ ಸಾಫ್ಟ್‌ವೇರ್ ಕಟ್ಟೋ ಸ್ಪರ್ಧೆ) ಯಾವ ವಿಷಯ ಹಿಡಿಯೋದು, ಮಡಿಕೇರಿ ಮಳೇಲಿ ಕರೆಂಟ್, ನೆಟ್‌ವರ್ಕ್ ನಂಬ್ಕೊಂಡು ತಯಾರಿ ಹೇಗೆ ಅಂತ ಹಿಂದೆ ಇಲ್ಲಿ ನಿಮ್ಮನ್ನ ಕೇಳಿದ್ದೆ. ಚಾಟ್‌ಬಾಟ್ ಬಿಟ್ಟೆವು, ಅದನ್ನ ಎಲ್ಲರೂ ಮಾಡ್ತಾರೆ. ಅರೇಬಿಕಾ ಕಾಫಿ ಎಲೆಯ ತುಕ್ಕು ರೋಗ ಗುರುತಿಸೋ ಆ್ಯಪ್ ಮಾಡ್ತಿದ್ದೀವಿ.

ನೀವು ಹೇಳಿದ ಹಾಗೆ, ಇಮೇಜ್‌ನೆಟ್ ಅನ್ನೋ ದೊಡ್ಡ ಸಂಗ್ರಹದ ಚಿತ್ರಗಳಲ್ಲಿ ಆಗಲೇ ಪಳಗಿರೋ ಮೊಬೈಲ್‌ನೆಟ್ (ಫೋನಿಗೆ ಹೊಂದೋ, ಚಿತ್ರ ಗುರುತಿಸೋ ಹಗುರ ಎಐ ಮಾದರಿ) ತಗೊಂಡು, ಅದರ ಕೊನೇ ಪದರಗಳಿಗೆ ಮಾತ್ರ ಕೊಲ್ಯಾಬ್‌ನಲ್ಲಿ (ಗೂಗಲ್‌ನ ಆನ್‌ಲೈನ್ ಕೋಡಿಂಗ್ ಸೇವೆ) ತರಬೇತಿ ಕೊಟ್ಟೆವು. ಈ ರೋಗದ ಕಿತ್ತಳೆ ಪುಡಿ ಕಾಣೋದು ಎಲೆಯ ಅಡಿಯಲ್ಲಿ, ಹಾಗಾಗಿ ಪ್ರತಿ ಎಲೆ ಮಗುಚಿಯೇ ಫೋಟೊ. (ಜಿಗಣೆಗಳಿಗಂತೂ ಹಬ್ಬ.)

ಒಂದೇ ಗಿಡದ ಫೋಟೊ ತರಬೇತಿಗೂ ಪರೀಕ್ಷೆಗೂ ಹೋಗಬಾರದು, ಗಿಡವಾರು ಬೇರ್ಪಡಿಸಿ ಅಂದಿದ್ದ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್. ನಿಖರತೆ ಇಳೀತು, ಆದ್ರೆ ಈಗ ಪರೀಕ್ಷೆ ನಡೆಯೋದು ಮಾದರಿ ನೋಡಿರದ ಗಿಡಗಳ ಮೇಲೆ, ಹಾಗಾಗಿ ಅಂಕಿ ನಂಬಬಹುದು. ಟೆನ್ಸರ್‌ಫ್ಲೋ ಲೈಟ್‌ನಲ್ಲಿ (ಎಐ ಮಾದರಿಯನ್ನ ಫೋನಲ್ಲಿ ಓಡಿಸೋ ಸಾಫ್ಟ್‌ವೇರ್) ಆ್ಯಪ್ ಫೋನಲ್ಲೇ ಓಡುತ್ತೆ, ತೋಟದೊಳಗೆ ಸಿಗ್ನಲ್ ಬೇಕಿಲ್ಲ. ಇನ್ನು ಡೆಮೊ ಅಭ್ಯಾಸ ಬಾಕಿ.