‘ಅಪಾಯಕಾರಿ ಅಂಶ’ ಮತ್ತು ‘ಉಪಶಮನ ಆರೈಕೆ’: ಈ ಪದಗಳು ರೋಗಿಗೆ ಏನು ಹೇಳುತ್ತವೆ?

ಮಾನ್ಯರೇ,

ಶ್ವಾಸಕೋಶದ ಕ್ಯಾನ್ಸರ್ ಕುರಿತು ರೋಗಿಗಳಿಗೂ ಅವರ ಮನೆಯವರಿಗೂ ಕೊಡುವ ಚಿಕ್ಕ ಕೈಪಿಡಿಯೊಂದರ ಕನ್ನಡವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ರೋಗದ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ‘ಅರ್ಬುದ’, ‘ಏಡಿಗಂತಿ’ ನಿಘಂಟುಗಳಲ್ಲಿವೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕನ್ನಡ ಹೆಸರಿನಲ್ಲಿ ‘ಗಂಥಿ’ ಉಳಿದುಕೊಂಡಿದೆ. ಆದರೆ ಹಳ್ಳಿಯಿಂದ ಬಂದವರೂ ‘ಕ್ಯಾನ್ಸರ್’ ಎಂದೇ ಹೇಳುತ್ತಾರೆ, ಅಲ್ಲಿಗೆ ಆ ಚರ್ಚೆ ಮುಗಿಯಿತು. ನನ್ನನ್ನು ಕಾಡುತ್ತಿರುವುದು ಕೈಪಿಡಿಯ ಮೊದಲ ಪುಟದಲ್ಲಿರುವ ‘ಅಪಾಯಕಾರಿ ಅಂಶಗಳು’ (ಇಂಗ್ಲಿಷಿನ ‘ರಿಸ್ಕ್ ಫ್ಯಾಕ್ಟರ್ಸ್’) ಮತ್ತು ಕೊನೆಯ ಪುಟದಲ್ಲಿರುವ ‘ಉಪಶಮನ ಆರೈಕೆ’ (‘ಪ್ಯಾಲಿಯೇಟಿವ್ ಕೇರ್’, ಎಂದರೆ ರೋಗಿಯ ನೋವು, ಯಾತನೆ ತಗ್ಗಿಸುವ ಆರೈಕೆ) ಎಂಬ ಎರಡು ಪದಗಳು.

ಈ ಕಾಟಕ್ಕೆ ಒಂದು ಹಿನ್ನೆಲೆಯಿದೆ. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಮ್ಮನಿಗೆ ಇದೇ ರೋಗ ಬಂದಿತ್ತು. ಕೆಮ್ಮು ಕ್ಷಯದ್ದೆಂದು ಮೊದಲು ನಾಲ್ಕು ತಿಂಗಳು ಮಾತ್ರೆ ನುಂಗಿದ್ದಾಯಿತು, ಆಮೇಲೆ ನಿಜ ತಿಳಿಯಿತು. ಆಸ್ಪತ್ರೆಯಲ್ಲಿ ಕೊಟ್ಟ ಇಂಥದೇ ಕೈಪಿಡಿಯನ್ನು ಅವರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದರು. ‘ಅಪಾಯಕಾರಿ ಅಂಶಗಳು: ಧೂಮಪಾನ, ರೇಡಾನ್ ಅನಿಲ, ಕಲ್ನಾರು, ವಾಹನಗಳ ಹೊಗೆ, ವಯಸ್ಸು, ವಂಶವಾಹಿ’ ಎಂಬಲ್ಲಿ ಬೆರಳು ನಿಂತಿತು. “ಇಷ್ಟೆಲ್ಲ ನನ್ನ ಎದೆಯೊಳಗೆ ಸಿಕ್ಕಿತೇನೋ?” ಎಂದು ನನ್ನನ್ನು ಕೇಳಿದರು.

ಅವರು ಓದಿದ್ದು ತಪ್ಪಲ್ಲ, ಒಳ್ಳೆಯ ಕನ್ನಡವನ್ನೇ ಓದಿದ್ದರು. ರಕ್ತದಲ್ಲಿ ‘ಸಕ್ಕರೆ ಅಂಶ’, ಸೊಪ್ಪಿನಲ್ಲಿ ‘ಕಬ್ಬಿಣದ ಅಂಶ’, ನೀರಿನಲ್ಲಿ ‘ವಿಷದ ಅಂಶ’ ಎನ್ನುವಾಗ ‘ಅಂಶ’ ಎಂದರೆ ಒಂದರೊಳಗೆ ಸೇರಿಕೊಂಡಿರುವ ಪದಾರ್ಥ. ಆಸ್ಪತ್ರೆಯ ಕಾಗದದಲ್ಲಿ ಆ ಪದ ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ ಅರ್ಥ. ಹೇಳಬೇಕಾಗಿರುವುದಾದರೋ ‘ಇವು ಇದ್ದವರಲ್ಲಿ ರೋಗ ಬರುವ ಸಂಭವ ಹೆಚ್ಚು’ ಎಂಬಷ್ಟೇ ಮಾತು. ‘ವಯಸ್ಸು ಅಪಾಯಕಾರಿ ಅಂಶ’ ಎಂಬ ವಾಕ್ಯವನ್ನು ಕನ್ನಡದಲ್ಲಿ ಯಾರೂ ತಾವಾಗಿ ಆಡುವುದಿಲ್ಲ. ‘ಅಪಾಯಾಂಶ’ ಎಂದು ಸಮಾಸ ಮಾಡಿದರೆ ಪದ ಚಿಕ್ಕದಾಗುತ್ತದೆಯೇ ಹೊರತು ತೊಡಕು ಬಿಡುವುದಿಲ್ಲ.

ಹಾಗಾದರೆ ನೇರವಾಗಿ ‘ಕಾರಣ’ ಎನ್ನಬಹುದಲ್ಲವೇ ಎಂದು ಕೇಳಬಹುದು. ಇಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ತಂಬಾಕಿನ ವಿಷಯದಲ್ಲಿ ಮೆತ್ತನೆಯ ಪದ ಬೇಡವೇ ಬೇಡ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಸಿಗರೇಟಿಗೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿದ ಮೇಲೆ ಸಾಕ್ಷ್ಯ ಗಟ್ಟಿಯಾಗುತ್ತಲೇ ಬಂದಿದೆ. ಬೀಡಿಗೂ ಆ ಮಾತು ಅನ್ವಯಿಸುತ್ತದೆ. ಕಲ್ನಾರು (ಆಸ್ಬೆಸ್ಟಸ್), ನೆಲದಿಂದ ಹೊಮ್ಮುವ ವಿಕಿರಣಶೀಲ ಅನಿಲವಾದ ರೇಡಾನ್, ಡೀಸೆಲ್ ಹೊಗೆ ಇವೂ ಕ್ಯಾನ್ಸರ್‌ಕಾರಕಗಳೆಂದೇ ಸಿದ್ಧವಾಗಿವೆ. ಆದರೆ ‘ಕಾರಣ’ ಎಂಬ ಪದ ಒಬ್ಬ ವ್ಯಕ್ತಿಯ ಮುಂದೆ ಬಂದಾಗ ತೀರ್ಪಾಗಿಬಿಡುತ್ತದೆ. ದೊಡ್ಡಮ್ಮ ಒಂದು ದಿನವೂ ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ಊದುಗೊಳವೆ ಹಿಡಿದು ಸೌದೆ ಒಲೆಯ ಮುಂದೆ ಕೂತವರು. ಬೀಡಿ ಸೇದುತ್ತಿದ್ದವರು ದೊಡ್ಡಪ್ಪ. ಕೈಪಿಡಿಯಲ್ಲಿ ‘ಧೂಮಪಾನವೇ ಮುಖ್ಯ ಕಾರಣ’ ಎಂಬ ಸಾಲನ್ನು ಯಾರೋ ಓದಿ ಹೇಳಿದ ಮೇಲೆ ಅವರು ಬೀಡಿ ಕಟ್ಟನ್ನು ಬಚ್ಚಲೊಲೆಗೆ ಹಾಕಿ, ಎಷ್ಟೋ ದಿನ ದೊಡ್ಡಮ್ಮನ ಕೋಣೆಗೆ ಹೋಗದೆ ಜಗಲಿಯಲ್ಲೇ ಕೂತಿದ್ದರು. ಬೇರೆಯವರು ಸೇದಿ ಬಿಟ್ಟ ಹೊಗೆಯಿಂದಲೂ ರೋಗ ಬರುತ್ತದೆ ಎಂಬುದು ನಿಜ, ಸೌದೆಯ ಹೊಗೆಯನ್ನು ಸಂಭವನೀಯ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿರುವುದೂ ನಿಜ; ಆದರೆ ಈ ಒಬ್ಬ ಹೆಂಗಸಿನ ಎದೆಯಲ್ಲಿ ಯಾವುದು ಮಾಡಿದ ಕೆಲಸವೆಂದು ಯಾವ ವೈದ್ಯರೂ ಬೊಟ್ಟುಮಾಡಿ ಹೇಳಲಾರರು.

ಆದ್ದರಿಂದ ತಲೆಬರಹಕ್ಕೆ ‘ರೋಗದ ಸಂಭವ ಹೆಚ್ಚಿಸುವ ಸಂಗತಿಗಳು’ ಎಂದು ಬರೆದು, ತಂಬಾಕಿನ ಹೊಗೆಯ ಪರಿಚ್ಛೇದದೊಳಗೆ ಮಾತ್ರ ‘ಕಾರಣ’ವನ್ನು ಬಳಸಿದ್ದೇನೆ. ಉದ್ದವಾಯಿತು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಜೊತೆಗೆ ‘ಧೂಮಪಾನ’ ಇದ್ದ ಕಡೆಯೆಲ್ಲ ‘ಬೀಡಿ, ಸಿಗರೇಟು ಸೇದುವುದು’ ಎಂದು ತಿದ್ದಿದ್ದೇನೆ. ಬಾವಿಯಿಂದ ನೀರು ಸೇದುವ ಕ್ರಿಯಾಪದವೇ ಇದು; ಆಳಕ್ಕೆ ಇಳಿಸಿ ಎಳೆದುಕೊಳ್ಳುವುದನ್ನು ‘ಪಾನ’ಕ್ಕಿಂತ ಚೆನ್ನಾಗಿ ಹೇಳುತ್ತದೆ.

ಎರಡನೆಯ ಪದ ಇನ್ನೂ ಹೆಚ್ಚು ಕೆಡುಕು ಮಾಡುತ್ತದೆ. ದೊಡ್ಡಮ್ಮನ ಕಾಗದದಲ್ಲಿ ‘ಉಪಶಮನ ಆರೈಕೆಗೆ ಸೂಚಿಸಲಾಗಿದೆ’ ಎಂದಿತ್ತು. ಅದನ್ನು ಓದಿದ ಅಣ್ಣ, ರೋಗ ಶಮನವಾಗುತ್ತಿದೆಯೆಂದು ತಿಳಿದು ಊರಿಗೆ ಫೋನು ಮಾಡಿದ. ಅದೇ ಪಡಸಾಲೆಯಲ್ಲಿ ನಿಂತಿದ್ದ ಅತ್ತೆ, ನರ್ಸಿನ ಮುಖ ನೋಡಿ, “ಕೈಬಿಟ್ಟರು ಕಣೋ” ಎಂದು ಅಳತೊಡಗಿದರು. ಒಂದೇ ಪದ ಇಬ್ಬರನ್ನು ವಿರುದ್ಧ ದಿಕ್ಕಿಗೆ ನೂಕಿತು, ಎರಡೂ ನಿಜವಲ್ಲ. ‘ಜ್ವರ ಶಮನವಾಯಿತು’ ಎಂದರೆ ಜ್ವರ ಹೋಯಿತೆಂದೇ ಅರ್ಥ. ಹಾಗಾಗಿ ಅಣ್ಣನ ತಪ್ಪಿಲ್ಲ. ‘ಇದು ಕೊನೆಯ ಮದ್ದು’ ಎಂಬ ಹೆದರಿಕೆ ಮನೆಯಲ್ಲಿ ನಿಂತುಬಿಟ್ಟಿದ್ದರಿಂದ ಮಾರ್ಫಿನ್ ಶುರುಮಾಡಲು ನಾವು ಮೂರು ವಾರ ತಡಮಾಡಿದೆವು. ಆ ಮೂರು ವಾರ ದೊಡ್ಡಮ್ಮ ಮಲಗಲಾಗದೆ, ದಿಂಬುಗಳಿಗೆ ಒರಗಿ ಕೂತೇ ರಾತ್ರಿ ಕಳೆದರು. ಮಾರ್ಫಿನ್ ನೋವನ್ನಷ್ಟೇ ಅಲ್ಲ, ಉಸಿರು ಕಟ್ಟಿದಂತಾಗುವ ಯಾತನೆಯನ್ನೂ ತಗ್ಗಿಸುತ್ತದೆ ಎಂದು ನಮಗೆ ತಿಳಿದದ್ದು ಆಮೇಲೆ.

ಈ ಆರೈಕೆ ಕೊನೆಗಾಲಕ್ಕೆ ಮೀಸಲಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಈ ರೋಗ ಬೇರೆ ಅಂಗಗಳಿಗೂ ಹರಡಿದ್ದ 151 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗ ಪತ್ತೆಯಾದ ಹೊಸದರಲ್ಲೇ ಇದನ್ನು ಪಡೆದವರು ಹೆಚ್ಚು ನೆಮ್ಮದಿಯಾಗಿದ್ದದ್ದಲ್ಲದೆ ಹೆಚ್ಚು ಕಾಲ ಬದುಕಿದರು; ಅವರ ಮಧ್ಯಕ ಆಯುಸ್ಸು (ಅರ್ಧದಷ್ಟು ಮಂದಿ ಬದುಕಿದ್ದ ಅವಧಿ) 11.6 ತಿಂಗಳು, ಉಳಿದವರದು 8.9. ಕೀಮೋ, ವಿಕಿರಣ, ಗುರಿಚಿಕಿತ್ಸೆಯ (ಕ್ಯಾನ್ಸರ್ ಕೋಶಗಳನ್ನೇ ಗುರಿಯಾಗಿಸುವ) ಮಾತ್ರೆಗಳ ಜೊತೆಜೊತೆಗೇ ಇದು ನಡೆಯಬಹುದು. ‘ಉಪಶಮನ’ದ ಬದಲಿಗೆ ‘ಸಾಂತ್ವನ ಚಿಕಿತ್ಸೆ’ ಎಂದರೆ ಬರಿಯ ಸಮಾಧಾನದ ಮಾತೆಂದು ಕೇಳಿಸುತ್ತದೆ. ಎದೆಗೂಡಿನಲ್ಲಿ ತುಂಬಿದ ನೀರು ತೆಗೆಯುವುದೂ ಇದರಲ್ಲಿ ಸೇರಿದೆಯಲ್ಲ.

ನನಗೆ ಹೊಳೆದಿರುವುದು ‘ಸಂಕಟ ಶಮನ ಆರೈಕೆ’. ‘ಉಪಶಮನ’ದ ಕೊರತೆಯೆಂದರೆ ಏನು ಶಮನವಾಗುತ್ತದೆ ಎಂದು ಅದು ಹೇಳದಿರುವುದು. ‘ರೋಗ ಶಮನ’ವಲ್ಲ, ‘ಸಂಕಟ ಶಮನ’ ಎಂದರೆ ಆಸೆಯೂ ಅತಿಯಾಗುವುದಿಲ್ಲ, ಕೈಬಿಟ್ಟ ಭಾವವೂ ಬರುವುದಿಲ್ಲ. ಕನ್ನಡದಲ್ಲಿ ‘ಸಂಕಟ ಆಗ್ತಿದೆ’ ಎಂದರೆ ಹೊಟ್ಟೆ ತೊಳಸುವುದೂ ಆಗಬಹುದು, ಉಸಿರು ಸಿಕ್ಕಿಕೊಳ್ಳುವುದೂ ಆಗಬಹುದು, ಮಗಳ ಮದುವೆ ನೋಡುವೆನೋ ಇಲ್ಲವೋ ಎಂಬ ತಳಮಳವೂ ಆಗಬಹುದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವು ಮೈ, ಮನಸ್ಸು, ಸಂಸಾರ, ನಂಬಿಕೆ ಎಲ್ಲವನ್ನೂ ಸೇರಿದ್ದೆಂದು ವಿವರಿಸಿದ್ದರು. ಅಷ್ಟನ್ನೂ ಹೊರುವ ಪದ ನಮ್ಮ ಮನೆಮಾತಿನಲ್ಲೇ ಇದೆ. ‘ಆರೈಕೆ’ಯನ್ನು ಮಾತ್ರ ಹಾಗೆಯೇ ಉಳಿಸಬೇಕು. ಹಳಗನ್ನಡದ ‘ಆರಯ್’ಗೆ ವಿಚಾರಿಸು, ಕಾಪಾಡು ಎಂಬ ಎರಡೂ ಅರ್ಥಗಳಿದ್ದವು.

ಕೊನೆಯ ದಿನಗಳ ಆರೈಕೆಗೆ ಪ್ರತ್ಯೇಕ ಪದ ಬೇಕು. ‘ಅಂತ್ಯಕಾಲದ ಆರೈಕೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪಿನ ಚರ್ಚೆಯಲ್ಲಿ ಓಡಾಡಿದ ‘ದಯಾಮರಣ’ ಈ ಕೈಪಿಡಿಯ ಹತ್ತಿರ ಸುಳಿಯಬಾರದು.

ನನ್ನ ಪ್ರಶ್ನೆಗಳಿವು. ‘ಸಂಕಟ ಶಮನ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಕರಾವಳಿಯಲ್ಲಿ ಅಥವಾ ಕಲಬುರಗಿಯ ಕಡೆ ‘ಸಂಕಟ’ಕ್ಕೆ ಇದೇ ಹರಹು ಇದೆಯೇ? ಉಸಿರಿನ ತೊಂದರೆಗೆ ನಮ್ಮ ಕಡೆ ‘ಏದುಸಿರು’, ‘ಉಬ್ಬಸ’ ಎನ್ನುತ್ತೇವೆ, ಧಾರವಾಡದವರು ‘ತೇಕು’ ಎನ್ನುವುದನ್ನು ಕೇಳಿದ್ದೇನೆ. ‘ಮೇಲುಸಿರು’ ಎಂಬುದನ್ನು ನಮ್ಮಲ್ಲಿ ಸಾವಿನ ಹೊತ್ತಿಗಷ್ಟೇ ಬಳಸುತ್ತಾರೆ. ಕೈಪಿಡಿಯ ಕರಡಿನಲ್ಲಿ, ಮೆಟ್ಟಿಲು ಹತ್ತಿದರೆ ಬರುವ ಏದುಸಿರಿಗೂ ಅದನ್ನೇ ಹಾಕಿದ್ದಾರೆ. ನಿಮ್ಮ ಊರಿನಲ್ಲಿ ಆ ಪದವನ್ನು ಕೇಳಿದ ರೋಗಿ ಏನೆಂದುಕೊಂಡಾನು?