ಒಂಬತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಪಾಠ ತಮ್ಮದೆನ್ನಿಸುವಂತೆ ಮಾಡುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ

ಎಲ್ಲ ಶಿಕ್ಷಕ ಬಂಧುಗಳಿಗೆ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಇವರೆಲ್ಲ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಓದುತ್ತ ಬಂದವರಾದರೂ ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ವಾಕ್ಯವನ್ನು ತಾವಾಗಿಯೇ ಕಟ್ಟಿ ಹೇಳಲಾರರು.

ಕಳೆದ ವಾರ ಒಬ್ಬ ಹುಡುಗ ಪದ್ಯದ ಸಾರಾಂಶವನ್ನು ಒಂದು ತಪ್ಪೂ ಇಲ್ಲದೆ ಬರೆದುಕೊಟ್ಟ. ಮೂರನೇ ವಾಕ್ಯದ ಅರ್ಥವೇನಪ್ಪಾ ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, "ಅದು ಮೂರನೇ ಪಾಯಿಂಟ್ ರೀ ಮೇಡಂ" ಎಂದ. ಗೈಡಿನಲ್ಲಿದ್ದ ಕ್ರಮ ಅವನಿಗೆ ನೆನಪಿತ್ತೇ ಹೊರತು ಮಾತು ತಲೆಯೊಳಗೆ ಇಳಿದಿರಲಿಲ್ಲ. ಆದರೆ ಇದೇ ಹುಡುಗ ಬೇಸಿಗೆಯಲ್ಲಿ ತಂದೆತಾಯಿಯ ಜೊತೆ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡ ಕೆಲಸದ ಜಾಗದಲ್ಲಿ ಎರಡು ತಿಂಗಳು ಸಿಮೆಂಟ್ ಚೀಲಗಳ ಲೆಕ್ಕ ಬರೆದುಕೊಂಡು ಬಂದವನು. ಅವನಿಗೆ ಬುದ್ಧಿ ಸಾಲದು ಎಂದು ನಾನು ಹೇಗೆ ಹೇಳಲಿ?

ಸುಲಭದಿಂದ ಆರಂಭಿಸೋಣವೆಂದು ಚಿಕ್ಕ ಮಕ್ಕಳ ಹಾಡುಗಳನ್ನು ತಂದರೆ, "ನಾವೇನು ಸಣ್ಣ ಹುಡುಗರಾ ಮೇಡಂ?" ಎಂದು ಮುಖ ತಿರುಗಿಸುತ್ತಾರೆ. ಪಠ್ಯಪುಸ್ತಕದ ಪಾಠಕ್ಕೆ ಹೋದರೆ ಪ್ರತಿ ಸಾಲನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಯಾರಾದರೂ ಬಾಯಿ ತೆರೆದು ತಪ್ಪು ಹೇಳಿದರೆ ಹಿಂದಿನ ಸಾಲಿನವರು ನಗುತ್ತಾರೆ, ಆ ನಗೆಗೆ ಹೆದರಿ ಹೆಣ್ಣುಮಕ್ಕಳಂತೂ ಮಾತನ್ನೇ ಬಿಟ್ಟುಬಿಟ್ಟಿದ್ದಾರೆ. ಈ ವಯಸ್ಸಿನವರಿಗೆ ಒಪ್ಪುವ ಪಾಠವನ್ನು ತಾವು ಹೇಗೆ ಮಾಡುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ನಿವೃತ್ತ ಶಿಕ್ಷಕ, ತುಮಕೂರು

ಮೇಡಂ, ಆ ಹುಡುಗನ ಸಿಮೆಂಟ್ ಚೀಲದ ಲೆಕ್ಕವನ್ನು ತಾವು ಹೇಳಿದ್ದು ಒಳ್ಳೆಯದಾಯಿತು. ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ.

1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞರಾದ ಎನ್. ಎಸ್. ಪ್ರಭು ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲ್ ನೆರವಿನಿಂದ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾ ಬೋಧನೆಯ ವಿಷಯದಲ್ಲಿ ಅದನ್ನು ಇಂದಿಗೂ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತಾರೆ. ನಮ್ಮ ನೆಲದಲ್ಲೇ ನಡೆದ ಈ ಕೆಲಸ ನಮ್ಮ ಶಿಕ್ಷಕರಿಗೇ ಅಷ್ಟಾಗಿ ತಿಳಿದಿಲ್ಲವೆಂಬುದು ನನಗೆ ನಿಜವಾದ ನೋವಿನ ಸಂಗತಿ. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ ಎಂಬುದು ಪ್ರಭು ಅವರ ನಂಬಿಕೆಯಾಗಿತ್ತು. ಆದ್ದರಿಂದ ಆ ತರಗತಿಗಳಲ್ಲಿ ವ್ಯಾಕರಣದ ಪಾಠವಿರಲಿಲ್ಲ. ಅದರ ಬದಲು ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟುಕೊಂಡು ಬಿಡಿಸಬೇಕಾದ ಸಮಸ್ಯೆಗಳಿದ್ದವು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಮಾತನಾಡುತ್ತ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದರು. ಅನಂತರ ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಿದ್ದರು.

ನಿಮ್ಮ ಊರಿಗೆ ಹೊಂದುವಂತೆ ಹೇಳುವುದಾದರೆ, ಶಹಾಪುರದಿಂದ ಕಲಬುರಗಿಗೆ ಹೋಗುವ ಬಸ್ಸುಗಳದೊಂದು ಪಟ್ಟಿಯನ್ನು ನೀವೇ ತಯಾರಿಸಿ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಅಜ್ಜಿಯನ್ನು 11 ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಬೇಕು, ಬಸ್ಸಿಗೆ ಎರಡು ಗಂಟೆ, ನಿಲ್ದಾಣದಿಂದ ಆಸ್ಪತ್ರೆಗೆ ಅರ್ಧ ಗಂಟೆ ಹಿಡಿಯುತ್ತದೆ. ಹಾಗಾದರೆ ಯಾವ ಬಸ್ಸು ತಪ್ಪಿದರೆ ಕೆಲಸ ಕೆಡುತ್ತದೆ? ಇದು ಒಂಬತ್ತನೇ ತರಗತಿಯವರ ಬುದ್ಧಿಗೆ ತಕ್ಕ ಪ್ರಶ್ನೆ, ಆದರೆ ಉತ್ತರಕ್ಕೆ ಬೇಕಾದ ಇಂಗ್ಲಿಷ್ ಮಾತ್ರ ನಾಲ್ಕೈದು ಪದಗಳದ್ದು. ಆ ಪ್ರಯೋಗದಲ್ಲಿ ಪಾಠದ ಮಟ್ಟವನ್ನು ನೋಡಿಕೊಳ್ಳಲು ಒಂದು ಅಳತೆಯಿತ್ತು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಬೇಕು. ಮಾಡಲಿಲ್ಲವೆಂದರೆ ಪಾಠ ಕಷ್ಟವಾಯಿತು ಎಂದರ್ಥ. ನಾನು ಕೊನೆಯ ಹನ್ನೆರಡು ವರ್ಷ ಅದೇ ಅಳತೆಯನ್ನು ಹಿಡಿದು ಪಾಠ ಮಾಡಿದೆ.

ನಗುವವರ ವಿಷಯಕ್ಕೆ ಬಂದರೆ, ಮಗು ತಪ್ಪು ಹೇಳಿದಾಗ ತಪ್ಪು ಎಂದು ಹೇಳದೆ, ಅದರ ಮಾತನ್ನೇ ಸರಿಯಾದ ರೂಪದಲ್ಲಿ ಒಮ್ಮೆ ಹೇಳಿ ಮುಂದಿನ ಪ್ರಶ್ನೆಗೆ ಹೋಗಿಬಿಡಿ. ಉತ್ತರ ಸರಿಯೇ ಎಂಬ ಕುತೂಹಲ ದೊಡ್ಡದಾದ ಕಡೆ ಭಾಷೆಯ ತಪ್ಪಿಗೆ ನಗಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಉತ್ತರ 2: ಪ್ರೌಢಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ

ನಮ್ಮ ಕಡೆ ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ಹೆಚ್ಚು. ಮಕ್ಕಳು ರಜೆಯ ದಿನ ಹೊಲದಲ್ಲಿ ಕ್ರಾಸಿಂಗ್, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಹೂವುಗಳಿಗೆ ಕೈಯಿಂದ ಪರಾಗಸ್ಪರ್ಶ, ಮಾಡುವುದನ್ನು ನೋಡುತ್ತ ಬೆಳೆದವರು. ಹೀಗಾಗಿ ನಾನು ಬೀಜದ ಖಾಲಿ ಪೊಟ್ಟಣಗಳನ್ನು ತರಿಸುತ್ತೇನೆ. ಅದರ ಮೇಲೆ ಮೊಳಕೆಯ ಶೇಕಡಾ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನಾಂಕ, ಯಾವ ದಿನದವರೆಗೆ ಬಿತ್ತಬಹುದು ಎಂಬುದೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಎರಡು ಪೊಟ್ಟಣ ಕೊಟ್ಟು ನಿಮ್ಮಪ್ಪ ಯಾವುದನ್ನು ಕೊಳ್ಳಬೇಕು, ಏಕೆ ಎಂದು ಕೇಳಿದರೆ ಮಕ್ಕಳು ತಲೆಗೆ ತಲೆ ತಾಗಿಸಿ ಓದುತ್ತಾರೆ. ಕೀಟನಾಶಕದ ಬಾಟಲಿಯನ್ನು ಮಾತ್ರ ಶಾಲೆಗೆ ತರಿಸಬೇಡಿ, ಅಂಗಡಿಯಲ್ಲಿ ಲೇಬಲ್ಲಿನ ಫೋಟೊ ತೆಗೆದುಕೊಂಡರೆ ಸಾಕು. ಅದರ ಮೇಲಿರುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತುಗಳು ವಿಷದ ತೀವ್ರತೆಯನ್ನು ಹೇಳುತ್ತವೆ, ಕೆಂಪೆಂದರೆ ಅತ್ಯಂತ ಅಪಾಯಕಾರಿ. ಇದನ್ನು ಕಲಿಸಿದ ದಿನ ಒಬ್ಬ ಹುಡುಗಿ ಮನೆಗೆ ಹೋಗಿ, ಅಡುಗೆಮನೆಯ ಗೂಡಿನಲ್ಲಿದ್ದ ಡಬ್ಬಿಯನ್ನು ತಂದೆಯಿಂದ ತೆಗೆಸಿ ಹೊರಗಿಡಿಸಿದಳು. ನನ್ನ ವೃತ್ತಿಯಲ್ಲಿ ಇಂಗ್ಲಿಷ್ ಪಾಠಕ್ಕೆ ಸಿಕ್ಕ ಅದಕ್ಕಿಂತ ದೊಡ್ಡ ಫಲ ನನಗೆ ನೆನಪಿಲ್ಲ.

ಉತ್ತರ 3: ಶಿಕ್ಷಕ, ಮಂಡ್ಯ

ಹಿರಿಯರ ಮಾತುಗಳನ್ನು ಗೌರವಿಸುತ್ತಲೇ ನನ್ನ ಆತಂಕವನ್ನೂ ಹೇಳಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಗೆ 80 ಅಂಕಗಳ ಲಿಖಿತ ಪರೀಕ್ಷೆಯಿದೆ, 20 ಅಂಕ ಮಾತ್ರ ಆಂತರಿಕ. ಫಲಿತಾಂಶ ಕುಸಿದರೆ ವಿವರಣೆ ಕೊಡಬೇಕಾದವನು ಶಿಕ್ಷಕ. ನಿಧಾನ ಕಲಿಕೆಯ ಮಗುವಿಗೆ ಪದ್ಯವನ್ನೂ ಪತ್ರವನ್ನೂ ಬಾಯಿಪಾಠ ಮಾಡಿಸಿ ಪಾಸು ಮಾಡಿಸುವುದು ಕೂಡ ಆ ಮಗುವಿನ ಮೇಲಿನ ಕಾಳಜಿಯಿಂದಲೇ ಎಂಬುದನ್ನು ಮರೆಯಬಾರದು.

ಉತ್ತರ 4: ಪಿಯು ಉಪನ್ಯಾಸಕಿ, ಶಿವಮೊಗ್ಗ

ಮಂಡ್ಯದ ಸರ್ ಹೇಳಿದ ಆತಂಕ ನ್ಯಾಯವಾದದ್ದು. ಹತ್ತನೇ ತರಗತಿಯ ಕೊನೆಯ ತಿಂಗಳುಗಳಲ್ಲಿ ನಾನಿದ್ದರೂ ಬಾಯಿಪಾಠ ಮಾಡಿಸುತ್ತಿದ್ದೆನೇನೋ. ಆದರೆ ಸುಳಿವುಗಳನ್ನು ಕೊಟ್ಟು ವ್ಯಕ್ತಿಪರಿಚಯ ಬರೆಯಿರಿ, ಚಿತ್ರ ನೋಡಿ ವಿವರಿಸಿ ಎಂಬ ಪ್ರಶ್ನೆಗಳಿಗೆ ಬಾಯಿಪಾಠ ಒದಗುವುದಿಲ್ಲ. ಅಲ್ಲಿ ವಾಕ್ಯ ಕಟ್ಟಲೇಬೇಕು, ಅದಕ್ಕೆ ಒಂಬತ್ತನೇ ತರಗತಿಯಲ್ಲೇ ತಳಹದಿ ಹಾಕಬೇಕು.

ನಮ್ಮ ಕಾಲೇಜಿಗೆ ಬರುವ ಮಕ್ಕಳು 'ಟು ಮಿ ಫೀವರ್ ಈಸ್' ಎಂದು ಬರೆಯುತ್ತಾರೆ. ಮೊದಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದೆ. ಆಮೇಲೆ ಅದು ಅಜ್ಞಾನವಲ್ಲ, 'ನನಗೆ ಜ್ವರ ಇದೆ' ಎಂಬ ಸರಿಯಾದ ಕನ್ನಡವೇ ಇಂಗ್ಲಿಷಿನ ಅಂಗಿ ತೊಟ್ಟು ಬಂದಿದೆ ಎಂದು ಹೊಳೆಯಿತು. ಅಂದಿನಿಂದ ವರ್ಷದ ಆರಂಭದಲ್ಲಿ 'ನನಗೆ' ಎಂದು ಶುರುವಾಗುವ ಇಪ್ಪತ್ತು ವಾಕ್ಯಗಳನ್ನು ಮಕ್ಕಳಿಂದಲೇ ಹೇಳಿಸುತ್ತೇನೆ. ನನಗೆ ಹಸಿವಾಗಿದೆ ಎಂಬುದು 'ಐ ಆ್ಯಮ್' ಆಗುತ್ತದೆ, ನನಗೆ ಜ್ವರ ಎಂಬುದು 'ಐ ಹ್ಯಾವ್', ನನಗೆ ಈಜು ಬರುತ್ತದೆ ಎಂಬುದು 'ಐ ಕ್ಯಾನ್', ನನಗೆ ಗೊತ್ತು ಎಂಬುದು 'ಐ ನೋ', ನನಗೆ ಬೇಕು ಎಂಬುದು 'ಐ ವಾಂಟ್'. ಕನ್ನಡದಲ್ಲಿ ಜ್ವರ, ಹಸಿವು, ವಿದ್ಯೆ ಎಲ್ಲವೂ ನಮ್ಮ ಬಳಿಗೆ ಬರುತ್ತವೆ, ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ನಾನು' ಮುಂದೆ ನಿಲ್ಲಬೇಕು. ಇದನ್ನು ಕಂಡುಹಿಡಿದಾಗ ಆ ವಯಸ್ಸಿನ ಮಕ್ಕಳಿಗೆ ಆಗುವ ಸಂತೋಷವನ್ನು ತಾವು ನೋಡಬೇಕು. ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ತೂಗಿನೋಡುವ ಶಕ್ತಿ ಚಿಕ್ಕ ಮಕ್ಕಳಿಗಿಲ್ಲ, ಇವರಿಗಿದೆ. ಆದ್ದರಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡಬಾರದೆಂಬ ಕಟ್ಟಳೆಯನ್ನು ದಯವಿಟ್ಟು ಸಡಿಲಿಸಿ.

ಪ್ರಶ್ನೆ ಕೇಳಿದವರು, ಎರಡು ವಾರಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. 'ನನಗೆ' ವಾಕ್ಯಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇನೆ. ಬಸ್ಸಿನ ಪಾಠವನ್ನು ನಿನ್ನೆ ಮಾಡಿದೆ. 7.45, 8.20, 8.40ರ ಮೂರು ಬಸ್ಸುಗಳನ್ನು ಬರೆದಿದ್ದೆ. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಕುಳಿತಲ್ಲಿಂದಲೇ 'ಏಟ್ ಟ್ವೆಂಟಿ' ಎಂದಳು. ಲೆಕ್ಕ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಸಿಮೆಂಟ್ ಚೀಲದ ಹುಡುಗ ಎದ್ದು ನಿಂತು, 'ನೋ ಮೇಡಂ, ಜೇವರ್ಗಿ ಟೀ ಸ್ಟಾಪ್, ಫಿಫ್ಟೀನ್ ಮಿನಿಟ್, ಲೇಟ್' ಎಂದ. ನಾನು ಪಟ್ಟಿಯಲ್ಲಿ ಬರೆಯದ ಸಂಗತಿ ಅದು. ತರಗತಿಯಲ್ಲಿ ಒಬ್ಬರೂ ನಗಲಿಲ್ಲ, ಎಲ್ಲರೂ ಬೆರಳು ಮಡಚಿ ಮತ್ತೆ ಲೆಕ್ಕ ಹಾಕತೊಡಗಿದರು. 'ಯೆಸ್, ದ ಬಸ್ ಸ್ಟಾಪ್ಸ್ ಫಾರ್ ಟೀ ಅಟ್ ಜೇವರ್ಗಿ' ಎಂದು ನಾನೊಮ್ಮೆ ಹೇಳಿದೆ. ಅವನು ಕುಳಿತುಕೊಳ್ಳುತ್ತ ಅದನ್ನು ತನ್ನಷ್ಟಕ್ಕೆ ಮತ್ತೊಮ್ಮೆ ಹೇಳಿಕೊಂಡ. ಆ ಹುಡುಗಿ ಈ ಸಲ ಎದ್ದು ನಿಂತು, 'ದೆನ್ ಸೆವೆನ್ ಫಾರ್ಟಿಫೈವ್ ಬಸ್, ಮೇಡಂ' ಎಂದಳು.