ಅಮೆರಿಕದಿಂದ ಥರ್ಮೋಸ್ಟಾಟ್ ತರಿಸಲೇ? ಎಸಿ ಕೆಲಸದವರಿಗೊಂದು ಪ್ರಶ್ನೆ

ಪ್ರಶ್ನೆ (ಮುಲುಂಡ್‌ನ ಸದಸ್ಯೆ):
ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಎಸಿ ಕೆಲಸ ಬಲ್ಲವರು ಇದ್ದೀರಲ್ಲ, ಸ್ವಲ್ಪ ಹೇಳಿ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ದೀಪಾವಳಿಗೆ ಬರುವವನಿದ್ದಾನೆ. ಅವನ ಮನೆಯಲ್ಲಿ ಪ್ರೋಗ್ರಾಮಬಲ್ ಥರ್ಮೋಸ್ಟಾಟ್ ಇದೆಯಂತೆ. ಹಗಲಿಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಒಮ್ಮೆ ಹಾಕಿಟ್ಟರೆ ಶೇ 10ರಷ್ಟು ಉಳಿತಾಯ ಅನ್ನುತ್ತಾನೆ. "ಅಕ್ಕಾ, ನಿನಗೂ ಒಂದು ತರ್ತೀನಿ" ಅಂತ ಒಂದೇ ಹಟ. ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟ್, ಎರಡು ಸ್ಪ್ಲಿಟ್ ಎಸಿ, ಎರಡೂ ಇನ್ವರ್ಟರ್, ಅಂದರೆ ಕಂಪ್ರೆಸರಿನ ವೇಗ ಹೆಚ್ಚು ಕಡಿಮೆ ಆಗುವ ಬಗೆ. ಮೇ ತಿಂಗಳ ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ತರಿಸಲೇ, ಬೇಡವೇ?

ಉತ್ತರ (ಠಾಣೆಯ ಎಸಿ ಗುತ್ತಿಗೆದಾರ):
ಬೇಡ ಅಕ್ಕ. ತಂದರೆ ಶೋಕೇಸಿಗೆ ಸೇರುತ್ತದೆ, ಅಷ್ಟೇ.

ಅಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಒಂದೇ ಯಂತ್ರ, ಡಕ್ಟ್, ಅಂದರೆ ಗಾಳಿ ಸಾಗಿಸುವ ದೊಡ್ಡ ಕೊಳವೆಗಳ ಮೂಲಕ ಕೋಣೆಕೋಣೆಗೂ ಗಾಳಿ. ಗೋಡೆಯ ಥರ್ಮೋಸ್ಟಾಟಿಗೆ 24 ವೋಲ್ಟಿನ ಸಣ್ಣ ವೈರುಗಳು ಬಂದಿರುತ್ತವೆ. ಆ ವೈರುಗಳ ಮೂಲಕ ಅದು ಯಂತ್ರವನ್ನು ಶುರು ಮಾಡುತ್ತದೆ, ನಿಲ್ಲಿಸುತ್ತದೆ. ನಿಮ್ಮ ಸ್ಪ್ಲಿಟ್‌ನಲ್ಲಿ ಅಂಥ ವೈರೇ ಇಲ್ಲ. ಉಷ್ಣತೆ ಅಳೆಯುವ ಸೆನ್ಸರ್ ಒಳಗಿನ ಯೂನಿಟ್ಟಿನಲ್ಲೇ ಕೂತಿದೆ. ಕಂಪ್ರೆಸರ್ ಎಷ್ಟು ವೇಗದಲ್ಲಿ ತಿರುಗಬೇಕು ಅನ್ನುವುದನ್ನು ಒಳಗಿನ ಬೋರ್ಡು, ಹೊರಗಿನ ಬೋರ್ಡು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಹೊರಗಿನವರು ನಡುವೆ ಬಾಯಿ ಹಾಕಲಿಕ್ಕೆ ಜಾಗವಿಲ್ಲ.

ತಮ್ಮ ಹೇಳಿದ ಶೇ 10 ಸುಳ್ಳಲ್ಲ. ದಿನಕ್ಕೆ 8 ಗಂಟೆ ಥರ್ಮೋಸ್ಟಾಟನ್ನು 7ರಿಂದ 10 ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 4ರಿಂದ 5.5 ಡಿಗ್ರಿ ಸರಿಸಿಟ್ಟರೆ ಮನೆ ಬಿಸಿ-ತಂಪು ಮಾಡುವ ಖರ್ಚಿನಲ್ಲಿ ವರ್ಷಕ್ಕೆ ಶೇ 10ರವರೆಗೆ ಉಳಿಯಬಹುದು ಅಂತ ಅಲ್ಲಿನ ಇಂಧನ ಇಲಾಖೆಯೇ ಹೇಳುತ್ತದೆ. ಆದರೆ ಅದು ಮನೆ ಖಾಲಿ ಇದ್ದಾಗಲೂ ಯಂತ್ರ ಓಡುವ ಕಡೆಯ ಲೆಕ್ಕ. ನಾವು ಕೋಣೆ ಬಿಟ್ಟು ಏಳುವಾಗಲೇ ಎಸಿ ಬಂದ್ ಮಾಡುವ ಜನ. ಆ ಉಳಿತಾಯ ನಿಮಗೆ ಆಗಲೇ ಆಗಿದೆ.

ನೀವು ಎಷ್ಟಕ್ಕೆ ಇಟ್ಟು ಮಲಗುತ್ತೀರಿ? ಅದನ್ನು ಬರೆಯಲೇ ಇಲ್ಲವಲ್ಲ.

ಪ್ರಶ್ನೆ (ಅದೇ ಸದಸ್ಯೆ):
ನಮ್ಮ ಕೋಣೆಯಲ್ಲಿ 22. ಮಗರಾಯ 18ಕ್ಕೆ ಇಟ್ಟು ರಜಾಯಿ ಹೊದ್ದು ಮಲಗುತ್ತಾನೆ! ಮೊಬೈಲಿನಿಂದ ಎಸಿ ನಡೆಸುವ ವೈಫೈ ಡಬ್ಬಿ ಬರುತ್ತದಲ್ಲ, ಅದಾದರೂ ತಗೊಳ್ಳಲೇ?

ಉತ್ತರ:
ನಿಮ್ಮ ಬಿಲ್ಲಿನ ಗುಟ್ಟು ಆ ರಜಾಯಿಯಲ್ಲೇ ಇದೆ ಅಕ್ಕ. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ವಿದ್ಯುತ್ ಉಳಿತಾಯ ಅನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಕೊಡುವ ಲೆಕ್ಕ. 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ಎಸಿಗಳು 24ರಲ್ಲೇ ಶುರುವಾಗಬೇಕು ಅನ್ನುವ ನಿಯಮವೂ ಅವರದೇ. 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿ, ಒಂದು ವಾರ ನೋಡಿ. ಇಲ್ಲಿ 300 ಯೂನಿಟ್ ದಾಟಿದ ಮೇಲಿನ ಯೂನಿಟ್ಟಿಗೆ ದರ ಬೇರೆ, 500 ದಾಟಿದರೆ ಇನ್ನೂ ಜಾಸ್ತಿ. ಹಾಗಾಗಿ ನೀವು ಉಳಿಸುವುದು ದುಬಾರಿ ಯೂನಿಟ್ಟುಗಳನ್ನೇ.

ಜೂನ್ ನಂತರ, ಮಳೆಗಾಲದಲ್ಲಿ ಮಾತ್ರ ಇದು ಪೂರ್ತಿ ನಡೆಯುವುದಿಲ್ಲ. 27–28ಕ್ಕೆ ಇಟ್ಟರೆ ಇನ್ವರ್ಟರ್ ತೀರಾ ನಿಧಾನ ಓಡುತ್ತದೆ, ಗಾಳಿಯ ತೇವ ಹೋಗುವುದಿಲ್ಲ, ಹಾಸಿಗೆಯೆಲ್ಲ ಜಿಬಿಜಿಬಿ. ಆಗ ರಿಮೋಟಿನಲ್ಲಿ ತೇವ ತೆಗೆಯುವ ಡ್ರೈ ಮೋಡ್ ಹಾಕಿ.

ವೈಫೈ ಡಬ್ಬಿ ಅಂದರೆ ಇನ್ನೊಂದು ರಿಮೋಟ್, ಅಷ್ಟೇ. ಅದು ಎಸಿಗೆ ಹೇಳುತ್ತದೆ, ಎಸಿ ತಿರುಗಿ ಏನೂ ಹೇಳುವುದಿಲ್ಲ. ಮಗ ಕೈಯಲ್ಲಿರುವ ರಿಮೋಟ್ ಒತ್ತಿ 18 ಮಾಡಿದರೂ ನಿಮ್ಮ ಮೊಬೈಲಿನಲ್ಲಿ 26 ಅಂತಲೇ ಕಾಣುತ್ತಿರಬಹುದು. ಬಂದ್ ಮಾಡಲು ಮರೆಯುವ ಮನೆಗೆ ಅದು ಉಪಯೋಗ, ಹಟ ಮಾಡುವ ಮನೆಗೆ ಅಲ್ಲ. ಟೈಮರ್, ರಾತ್ರಿ ತಂಪನ್ನು ತಾನಾಗಿಯೇ ಕಡಿಮೆ ಮಾಡುವ ಸ್ಲೀಪ್, ಎರಡೂ ಸಾಮಾನ್ಯವಾಗಿ ರಿಮೋಟಿನಲ್ಲೇ ಇರುತ್ತವೆ. ಬೆಳಗಿನ ನಾಲ್ಕೂವರೆಗೆ ಬಂದ್ ಆಗುವ ಹಾಗೆ ಟೈಮರ್ ಹಾಕಿ, ಖರ್ಚಿಲ್ಲ. ಸ್ಮಾರ್ಟ್ ಪ್ಲಗ್ಗಿನಿಂದ ಕರೆಂಟನ್ನೇ ಕತ್ತರಿಸುವುದು ಬೇಡ. ಓಡುತ್ತಿರುವ ಇನ್ವರ್ಟರನ್ನು ಹಾಗೆ ದಿನಾ ನಿಲ್ಲಿಸಬಾರದು.

ಡಕ್ಟ್ ಎಸಿ ಇರುವ ಹೊಸ ಟವರುಗಳವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಮಾತು ಬೇರೆ. ವಾರದ ಟೈಮರ್ ಇರುವ ಗೋಡೆ ಕಂಟ್ರೋಲರ್ ನಿಮಗೆ ಕೆಲಸಕ್ಕೆ ಬರುತ್ತದೆ. ಆದರೆ ಆ ಎಸಿ ಕಂಪನಿಯದ್ದೇ ತಗೊಳ್ಳಿ.

ಪ್ರಶ್ನೆ (ಪುಣೆಯ ಕೋಥ್ರೂಡ್‌ನ ಸದಸ್ಯ):
ನಮಗೆ ಎಸಿ ಬೇಕಾಗುವುದೇ ಏಪ್ರಿಲ್, ಮೇನಲ್ಲಿ. ಡಿಸೆಂಬರಿನ ಗೀಸರಿಗೆ ಇಂಥದ್ದೇನಾದರೂ ಇದೆಯೇ ಸರ್? ದಿನಾ ಯಾರಾದರೂ ಒಬ್ಬರು ಮರೆತೇ ಮರೆಯುತ್ತಾರೆ.

ಉತ್ತರ:
ಗೀಸರಿಗೆ ಟೈಮರ್ ಹಾಕಿಸಿ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. 15 ಲೀಟರ್, 2 ಕಿಲೋವ್ಯಾಟ್ ಗೀಸರ್ 20 ಡಿಗ್ರಿಯ ನೀರನ್ನು 60ಕ್ಕೆ ತರಲು 20–22 ನಿಮಿಷ ಸಾಕು, ಮುಕ್ಕಾಲು ಯೂನಿಟ್ಟೂ ಬೇಡ. ಆಮೇಲೆ ಮರೆತರೆ ನೀರು ಆರಿದಂತೆಲ್ಲ ಒಳಗಿನ ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. 2 ಕಿಲೋವ್ಯಾಟ್ ಅಂದರೆ ಸುಮಾರು 9 ಆಂಪಿಯರ್. ಅಂಗಡಿಯವನು 6 ಆಂಪಿಯರಿನ ಟೈಮರ್ ಪ್ಲಗ್ ಕೊಟ್ಟರೆ ಅದು ಸುಟ್ಟುಹೋದೀತು. 16 ಆಂಪಿಯರಿನದ್ದೇ ಕೇಳಿ ತನ್ನಿ.